ಒಂದೇ ಬೋರು, ಎರಡು ವಾಲ್ವ್: ಪ್ಯಾನಲ್‌ಗೆ ಎರಡು ಲಿಮಿಟ್ ಕೊಡಿ

ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ತೋಟಗಳಿಗೆ ನಾನು ಮೋಟಾರ್ ಪ್ಯಾನಲ್ (ಮೋಟಾರನ್ನು ಆನ್-ಆಫ್ ಮಾಡಿ ಕಾಯುವ ಪೆಟ್ಟಿಗೆ) ಕಟ್ಟಿಕೊಡುತ್ತೇನೆ. ಇಲ್ಲಿ ಸಾವಿರ ಅಡಿ ದಾಟಿದ ಬೋರುಗಳಿವೆ. ಮೋಟಾರ್ ಸುಟ್ಟರೆ ಅಷ್ಟೂ ಪೈಪ್ ಮೇಲೆತ್ತಬೇಕು.

ಹೋದ ಬೇಸಿಗೆಯಲ್ಲಿ ಒಬ್ಬ ರೈತರು ಫೋನ್ ಮಾಡಿದರು. ಅವರ ಬೋರಿನ ನೀರು ಒಂದು ವಾಲ್ವ್‌ನಿಂದ ಹೊಂಡಕ್ಕೆ, ಇನ್ನೊಂದರಿಂದ ಡ್ರಿಪ್‌ಗೆ ಹೋಗುತ್ತದೆ. "ಅಣ್ಣಾ, ಹೊಂಡಕ್ಕೆ ಬಿಟ್ರೆ ಚೆನ್ನಾಗಿ ಓಡುತ್ತೆ. ಡ್ರಿಪ್‌ಗೆ ತಿರುಗಿಸಿದ್ರೆ ಡ್ರೈ ರನ್ ಅಂತ ಆಫ್ ಆಗುತ್ತೆ."

ಹೋಗಿ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಾಕಿದೆ. 10 ಎಚ್‌ಪಿ ಮೋಟಾರ್. ಹೊಂಡಕ್ಕೆ 17 ಆಂಪ್ಸ್, ಡ್ರಿಪ್‌ಗೆ 14. ಡ್ರೈ ರನ್ (ನೀರಿಲ್ಲದೆ ಮೋಟಾರ್ ಓಡುವುದು) ಲಿಮಿಟ್ 15ಕ್ಕೆ ಇಟ್ಟಿದ್ದರು. ಅಂದರೆ ಕರೆಂಟ್ ಅದಕ್ಕಿಂತ ಇಳಿದರೆ ಪ್ಯಾನಲ್ ಮೋಟಾರ್ ಆಫ್ ಮಾಡುತ್ತದೆ. ಡ್ರಿಪ್‌ನಲ್ಲಿ ಪ್ರೆಷರ್ ಜಾಸ್ತಿ, ಹರಿಯುವ ನೀರು ಕಡಿಮೆ. ಹಾಗಾಗಿ ಮೋಟಾರ್ ಎಳೆಯುವ ಕರೆಂಟೂ ಕಡಿಮೆ. ಲಿಮಿಟ್ 12ಕ್ಕೆ ಇಳಿಸಿದ್ರೆ ಸಾಕಲ್ವಾ ಅಂದರು. ಸಾಲದು. ಹೊಂಡಕ್ಕೆ ಬಿಟ್ಟಾಗ ನೀರು ಇಳಿದು, ಗಾಳಿ ಬೆರೆತು ಕರೆಂಟ್ 13ಕ್ಕೆ ಬಿದ್ದರೂ ಪ್ಯಾನಲ್ ಸುಮ್ನೆ ಕೂತಿರುತ್ತದೆ.

ಅದಕ್ಕೇ ವಾಲ್ವ್ ತಿರುಗಿಸುವ ಕೆಲಸ, ದೋಷ ಹಿಡಿಯುವ ಕೆಲಸ ಎರಡನ್ನೂ ಒಂದೇ ಪಿಎಲ್‌ಸಿಗೆ (ಪ್ಯಾನಲ್ ಒಳಗಿನ ಪುಟ್ಟ ಕಂಪ್ಯೂಟರ್) ಕೊಡಿ. ಈಗ ಯಾವ ವಾಲ್ವ್ ತೆರೆದಿದೆ ಅಂತ ಗೊತ್ತಿದ್ದರೆ ತಾನೇ 14 ಆಂಪ್ಸ್ ಸರಿಯೋ ತಪ್ಪೋ ಹೇಳಲು ಸಾಧ್ಯ?

ಮೊದಲು ಎರಡೂ ಕಡೆ ನೀರು ಬಿಟ್ಟು ಆಂಪ್ಸ್, ವೋಲ್ಟೇಜ್ ಎರಡನ್ನೂ ಬರೆದುಕೊಳ್ಳಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ವೋಲ್ಟೇಜ್ ಬದಲಾದರೆ ಕರೆಂಟೂ ಬದಲಾಗುತ್ತದೆ. ಆಮೇಲೆ ಎರಡಕ್ಕೂ ಬೇರೆ ಬೇರೆ ಲಿಮಿಟ್ ಇಡಿ. ಈ ತೋಟದಲ್ಲಿ ಹೊಂಡಕ್ಕೆ 15, ಡ್ರಿಪ್‌ಗೆ 12 ಇಟ್ಟೆ. ನಿಮ್ಮ ಮೋಟಾರ್‌ಗೆ ಇದೇ ಅಂಕಿ ಹಾಕಬೇಡಿ.

ತಿರುಗಿಸುವಾಗ ಹೊಸ ವಾಲ್ವ್ ಪೂರ್ತಿ ತೆರೆದ ಮೇಲೇ ಹಳೆಯದು ಮುಚ್ಚಲಿ. ಡ್ರಿಪ್ ಪೈಪ್ ತುಂಬುವವರೆಗೆ ಕರೆಂಟ್ ಏರಿಳಿಯುತ್ತದೆ. ಎಷ್ಟು ಹೊತ್ತು ಅಂತ ಗಡಿಯಾರ ಹಿಡಿದು ನೋಡಿ, ಅಷ್ಟು ಹೊತ್ತು ಡ್ರೈ ರನ್ ತೀರ್ಪು ತಡೆಹಿಡಿಯಿರಿ. ಸಿಂಗಲ್ ಫೇಸ್ (ಮೂರರಲ್ಲಿ ಒಂದು ಫೇಸ್ ಹೋಗುವುದು), ಓವರ್‌ಲೋಡ್ ಕಾವಲನ್ನು ಮಾತ್ರ ಒಂದು ಕ್ಷಣವೂ ಬಿಡಬೇಡಿ.

ಈಗ ನನಗೆ ತುಂಬ ಇಷ್ಟವಾದ ಭಾಗ. ಡ್ರಿಪ್ ಓಡುವಾಗ ಕರೆಂಟ್ 11ಕ್ಕೆ ಬಿತ್ತು ಅಂದುಕೊಳ್ಳಿ. ಬೋರ್ ಬತ್ತಿತೋ, ಫಿಲ್ಟರ್ ಕಟ್ಟಿಕೊಂಡಿತೋ? ಎರಡರಲ್ಲೂ ಕರೆಂಟ್ ಬೀಳುತ್ತದೆ. ಆಗ ಪ್ಯಾನಲ್ ಹೊಂಡದ ವಾಲ್ವ್ ತೆರೆದು ಅರ್ಧ ನಿಮಿಷ ನೋಡಲಿ. 17ಕ್ಕೆ ಏರಿದರೆ ಬೋರ್‌ನಲ್ಲಿ ನೀರಿದೆ, ಫಿಲ್ಟರ್ ತೊಳೆಯಬೇಕು. ಏರದಿದ್ದರೆ ತಕ್ಷಣ ಮೋಟಾರ್ ಆಫ್. ಬೋರ್‌ನಲ್ಲಿ ನೀರು ಮತ್ತೆ ಕೂಡುವವರೆಗೆ ಆನ್ ಆಗಬಾರದು. ಈ ಬೋರಿಗೆ 45 ನಿಮಿಷ ಬೇಕಾಯಿತು. ಮೂರು ಸಲ ಹೀಗೇ ಆದರೆ ಯಾರಾದರೂ ಬಂದು ನೋಡುವ ತನಕ ನಿಂತಿರಲಿ.

ಡ್ರಿಪ್‌ಗೆ ತಿರುಗಿಸಿದ ಮೇಲೂ 17ರಲ್ಲೇ ನಿಂತರೆ ಹೊಂಡದ ವಾಲ್ವ್ ಮುಚ್ಚಿಲ್ಲ, ಇಲ್ಲವೇ ಡ್ರಿಪ್‌ನ ಮೇನ್ ಪೈಪ್ ಒಡೆದಿದೆ. ಯಾವುದೇ ಆಗಲಿ, ಡ್ರಿಪ್ ಮುಚ್ಚಿ ಹೊಂಡಕ್ಕೇ ಬಿಡಲಿ. ನೀರು ಪೋಲಾಗುವುದಿಲ್ಲ.

ಕೊನೆಗೆ ಬೋರ್ ಬಾಯಿಯ ಗೇಟ್‌ವಾಲ್ವ್ ನಿಧಾನಕ್ಕೆ ಮುಚ್ಚುತ್ತಾ ಬನ್ನಿ. ಕರೆಂಟ್ ಇಳಿದು ಪ್ಯಾನಲ್ ತಾನೇ ಆಫ್ ಆಗಬೇಕು (ಡ್ರಿಪ್‌ನಲ್ಲಾದರೆ ಹೊಂಡದ ವಾಲ್ವ್ ತೆರೆದು ಅರ್ಧ ನಿಮಿಷ ನೋಡಿದ ಮೇಲೆ). ಆಗದಿದ್ದರೆ ಕೂಡಲೇ ವಾಲ್ವ್ ತೆರೆದು, ಮೇನ್ ಆಫ್ ಮಾಡಿ, ವೈರಿಂಗ್ ಮತ್ತೊಮ್ಮೆ ನೋಡಿ. ಈ ಪರೀಕ್ಷೆಯನ್ನು ಎರಡೂ ವಾಲ್ವ್‌ಗೆ ಬೇರೆ ಬೇರೆಯಾಗಿ ಮಾಡಿ.