ಗೋರಿ ಕಾಯುವ ಚೀನೀ ಪ್ರಾಣಿ, ನಮ್ಮ ಕೆರೆ ಮಣ್ಣಲ್ಲಿ

ದಾವಣಗೆರೆಯಲ್ಲಿ ಗಣೇಶನ ಹಬ್ಬ ಮುಗಿದ ಮೇಲೆ ಉಳಿದ ಮಣ್ಣಲ್ಲಿ ನಾನು ಝೆನ್‌ಮುಶೌ ಅನ್ನೋ ಕಾವಲು ಪ್ರಾಣಿಯ ಗೊಂಬೆ ಮಾಡುತ್ತೇನೆ. ಚೀನಾದ ಟಾಂಗ್ ಕಾಲದಲ್ಲಿ, ಅಂದರೆ 618ರಿಂದ 907ರವರೆಗೆ, ದೊಡ್ಡವರ ಗೋರಿಯೊಳಗೆ ಇವನ್ನು ಜೋಡಿಯಾಗಿ ಕಾವಲಿಗೆ ಇಡುತ್ತಿದ್ದರು. ಒಂದಕ್ಕೆ ಮನುಷ್ಯನ ಮುಖ, ಇನ್ನೊಂದಕ್ಕೆ ಸಿಂಹದ್ದು. ಮನುಷ್ಯನ ಮುಖದ್ದೇ ಮಾಡಿ, ಮಜಾ ಜಾಸ್ತಿ.

ಕೆರೆ ಮಣ್ಣು ಜರಡಿ ಹಿಡಿದು, ಸ್ವಲ್ಪ ಸಣ್ಣ ಮರಳು ಸೇರಿಸಿ ತುಳಿಯಿರಿ. ಗಣಪತಿಯ ಹಾಗೆ ಗಟ್ಟಿ ಮೈ ಬೇಡ, ಆವಿಗೆಯಲ್ಲಿ ಸಿಡಿಯುತ್ತದೆ. ಅರ್ಧ ಇಂಚು ದಪ್ಪಕ್ಕೆ ತಟ್ಟಿ, ಒಳಗೆ ಟೊಳ್ಳು ಬಿಟ್ಟು, ಹಿಂಗಾಲ ಮೇಲೆ ಕೂತ ಮೈ ಕಟ್ಟಿ. ಅಡಿಯಲ್ಲಿ ತೂತು ಇರಲಿ. ಪೀಠ ಬಂಡೆಯ ಥರ ಇರಬೇಕು. ಅದಕ್ಕೆ ಚಿತ್ರದುರ್ಗದ ಕೋಟೆ ಹತ್ತಿ ಬಂದರೆ ಸಾಕು, ಅಲ್ವಾ?

ಕಾಲಿಗೆ ಗೊರಸು, ಅಗಲ ಕಿವಿ, ತಲೆ ಮೇಲೆ ತಿರುಚಿದ ಕೊಂಬು, ಭುಜದಿಂದ ಬೆಂಕಿ ಜ್ವಾಲೆಯಂಥ ರೆಕ್ಕೆ. ಅಂಟಿಸುವ ಮುಂಚೆ ಎರಡೂ ಕಡೆ ಗೀರಿ, ತೆಳು ಕೆಸರು ಹಚ್ಚಿ. ಸುಮ್ನೆ ಒತ್ತಿದರೆ ಒಣಗುವಾಗ ರೆಕ್ಕೆ ಕಳಚಿ ಬೀಳುತ್ತದೆ. ನೆರಳಲ್ಲೇ ಒಣಗಿಸಿ, ಆಮೇಲೆ ಸುಡಿ.

ಟಾಂಗ್ ಕಾಲದ ಕುಂಬಾರರು ಹಾಕುತ್ತಿದ್ದ ಮೆರುಗಿನಲ್ಲಿ (ಗ್ಲೇಜ್) ಸೀಸ ಇರುತ್ತಿತ್ತು. ತಾಮ್ರದಿಂದ ಹಸಿರು, ಕಬ್ಬಿಣದಿಂದ ಜೇನುಬಣ್ಣ ಬರುತ್ತಿತ್ತು. ಸೀಸ ವಿಷ, ಮನೆಯಲ್ಲಿ ಬೇಡವೇ ಬೇಡ. ಅಕ್ರಿಲಿಕ್ ಬಣ್ಣ ನೀರಾಗಿಸಿ ಹೆಗಲಿಂದ ಸುರಿಯಿರಿ, ತಾನಾಗಿ ಇಳಿದು ಬೆರೆಯಲಿ. ಮುಖಕ್ಕೆ ಮಾತ್ರ ತಾಗಿಸಬೇಡಿ. ಅವರೂ ಎಷ್ಟೋ ಸಲ ಅದಕ್ಕೆ ಮೆರುಗು ಹಾಕದೆ, ಸುಟ್ಟ ಮೇಲೆ ಕುಂಚದಲ್ಲಿ ಹುಬ್ಬು, ಮೀಸೆ ಬರೆಯುತ್ತಿದ್ದರು.