ಅಕ್ಕಿ ಹಿಟ್ಟಿನಲ್ಲಿ ಶ್ರೀಚಕ್ರ: 18 ಮರ್ಮವೂ ಕೂಡಿತು

ಈ ನವರಾತ್ರಿಯಲ್ಲಿ ನಾನು ಬರೆದ ಶ್ರೀಚಕ್ರದಲ್ಲಿ, ಅಂದರೆ ದೇವಿ ಪೂಜೆಯ ಯಂತ್ರದಲ್ಲಿ, 18 ಮರ್ಮಗಳೂ ಕೂಡಿದವು. ಮೂರು ಗೆರೆ ಒಂದೇ ಚುಕ್ಕಿಯಲ್ಲಿ ಸೇರುವ ಜಾಗವೇ ಮರ್ಮ. ಹಲಗೆಯ ಮೇಲೆ, ಅಕ್ಕಿ ಹಿಟ್ಟಿನಲ್ಲಿ, ಬೆರಳಿನಿಂದಲೇ ಬರೆದದ್ದು. "ಹಿಟ್ಟಲ್ಲಿ ಕೂಡೋದಿಲ್ಲ ಮಾರಾಯ, ಸುಮ್ನೆ ತಾಮ್ರದ್ದು ತಂದಿಡು" ಅಂತ ಐದಾರು ವರ್ಷದಿಂದ ಹೇಳುತ್ತಿದ್ದ ಹಿರಿಯರೇ ಬಂದು, ಬಗ್ಗಿ, ಒಂದೊಂದಾಗಿ ಎಣಿಸಿದರು.

ತಾಮ್ರದ್ದೂ ತಂದಿದ್ದೆ. ಸುಮಾರು 3,500 ರೂಪಾಯಿ. ಮನೆಗೆ ತಂದು ನೋಡಿದರೆ ನಾಲ್ಕೈದು ಕಡೆ ಮೂರು ಗೆರೆ ಒಂದೇ ಚುಕ್ಕಿಯಲ್ಲಿ ಸೇರಿರಲಿಲ್ಲ. ನಡುವೆ ಸಾಸಿವೆ ಕಾಳಿನಷ್ಟು ಬೇಡದ ತ್ರಿಕೋನ. ಕೆಳಮುಖದ ಐದು ದೊಡ್ಡ ತ್ರಿಕೋನ ಶಕ್ತಿ, ಮೇಲ್ಮುಖದ ನಾಲ್ಕು ಶಿವ; ಅವು ಹೆಣೆದುಕೊಂಡೇ 43 ಸಣ್ಣ ತ್ರಿಕೋನ ಆಗೋದು, ಅಲ್ವಾ? ಅವರು ಕೂಡುವ ಜಾಗದಲ್ಲೇ ಸಂದು ಬಿಟ್ಟರೆ ಅಲ್ಲಿ ಹೂ ಇಡಲು ಕೈ ಬರಲಿಲ್ಲ.

ನನ್ನ ವೃತ್ತ 24 ಇಂಚು. ವ್ಯಾಸವನ್ನು 48 ಭಾಗ ಮಾಡಿದರೆ ಒಂದು ಭಾಗ ಅರ್ಧ ಇಂಚು. ಮೇಲಿನಿಂದ 6, 6, 5, 3, 3, 4, 3, 6, 6 ಬಿಟ್ಟು ಒಂಬತ್ತು ಅಡ್ಡಗೆರೆ. ಕೆಳಗೆ 6 ಉಳಿಯುತ್ತದೆ. ಅರಿಶಿನ ಸವರಿದ ನೂಲು ಮಿಡಿದು ಗುರುತು ಹಾಕುತ್ತೇನೆ. ಮೂರನೆಯದು, ಏಳನೆಯದು ವೃತ್ತ ಮುಟ್ಟಬೇಕು. ಉಳಿದವುಗಳ ತುದಿ ಎಷ್ಟೆಷ್ಟು ಒರೆಸಬೇಕು ಅನ್ನೋದನ್ನು ನಿಮ್ಮ ಗುರುಗಳ ಹತ್ತಿರವೇ ಕೇಳಿ.

ಲೆಕ್ಕ ಸರಿಯಿದ್ದೂ ಮೂರು ವರ್ಷ ಸೋತೆ. ಮೊದಲು ಪ್ಲೈವುಡ್. ನಮ್ಮ ತೀರ್ಥಹಳ್ಳಿ ಕಡೆಯ ತೇವಕ್ಕೆ ಉಬ್ಬಿತು, 1,800 ರೂಪಾಯಿ ನೀರಿಗೆ ಹೋಯಿತು. ಆಮೇಲೆ ಹಲಸಿನ ಹಲಗೆ ಹಿಡಿದೆ. ಆಗಲೂ ಗೆರೆ ತೆಳ್ಳಗಾದರೆ ಮರ್ಮದಲ್ಲಿ ಸಂದು, ದಪ್ಪವಾದರೆ ಒಳಗಿನ ವಸುಕೋಣ, ಅಂದರೆ ಎಂಟು ಪುಟ್ಟ ತ್ರಿಕೋನಗಳ ಸುತ್ತು, ಮುಚ್ಚಿಹೋಗುತ್ತಿತ್ತು. 48ರ ಲೆಕ್ಕದಲ್ಲೇ ಚೂರು ವ್ಯತ್ಯಾಸ ಉಳಿಯುತ್ತದೆ. ಅದನ್ನು ಗೆರೆಯೇ ನುಂಗಬೇಕು. ಈಗ ನನ್ನ ಗೆರೆ ಸರಿಯಾಗಿ ಒಂದು ಅಕ್ಕಿಕಾಳಿನ ಅಗಲ. ಹಿಟ್ಟನ್ನು ಹಳೇ ಪಂಚೆಯಲ್ಲಿ ಸೋಸುತ್ತೇನೆ. ಜೊತೆಗೆ ಇನ್ನೊಂದು ಪುಡಿ ಬೆರೆಸುತ್ತೇನೆ, ಅದರ ಹೆಸರು ಸದ್ಯಕ್ಕೆ ನನ್ನಲ್ಲೇ ಇರಲಿ.

ನಟ್ಟನಡುವಿನ ಬಿಂದುವಿಗೆ ಕೆಂಪು ಮನೆಯಲ್ಲೇ ಮಾಡಲು ಹೋದೆ, ಅರಿಶಿನಕ್ಕೆ ಸುಣ್ಣ ಕಲಸಿ. ಸುಣ್ಣ ಜಾಸ್ತಿಯಾಗಿ ಇಟ್ಟಿಗೆ ಬಣ್ಣ ಬಂತು. ಸರಿಮಾಡಲು ನಿಂಬೆರಸ ಹಿಂಡಿದೆ, ಪೂರಾ ಹಳದಿಗೆ ತಿರುಗಿತು! ಅರ್ಧ ಕಿಲೋ ಅರಿಶಿನ ಹಾಳು. ನಾಲ್ಕನೇ ಸಲ ನೆರಳಲ್ಲಿ ಒಣಗಿಸಿದ್ದು ಚೆನ್ನಾಗಿ ಬಂತು.

ಮಡಿ, ಮೌನ ಬರೀ ಕಟ್ಟಳೆ ಅಂದುಕೊಂಡಿದ್ದೆ. ಹೋದ ವರ್ಷ ನಡುವೆ ಎದ್ದು ಫೋನಿನಲ್ಲಿ ಎರಡು ನಿಮಿಷ ಮಾತಾಡಿದೆ. ಮತ್ತೆ ಕೂತು ಎಳೆದ ಗೆರೆ ಬೇರೆ ಯಾರೋ ಎಳೆದ ಹಾಗಿತ್ತು, ಕಾಳಿನ ಎರಡರಷ್ಟು ಅಗಲ. ಈ ಸಲ ಮಂತ್ರ ಹೇಳುತ್ತಾ ಅಂಗಾಂಗ ಮುಟ್ಟಿಕೊಳ್ಳುವ ನ್ಯಾಸ ಮುಗಿಸಿ ಕೂತವನು ಐದು ಗಂಟೆ ಏಳಲಿಲ್ಲ. ಗೆರೆಗೊಂದು ಆವರ್ತಿ ಮೂಲಮಂತ್ರ, ಉಸಿರು ಬಿಡುವಾಗ ಮಾತ್ರ ಹಿಟ್ಟು. ಕೊನೆಯ ಮರ್ಮ ಕೂಡಿದಾಗ ಕಣ್ಣು ತುಂಬಿ ಬಂತು.

ವಿಜಯದಶಮಿಗೆ ದೇವಿಯನ್ನು ಬೀಳ್ಕೊಡುವ ಉದ್ವಾಸನೆ ಮಾಡಿ, ಹೊರಗಿನಿಂದ ಬಿಂದುವಿನ ಕಡೆಗೆ ಒರೆಸಿ, ಹಿಟ್ಟನ್ನು ತುಳಸಿ ಬುಡಕ್ಕೆ ಹಾಕಿದೆ. ಮುಂದಿನ ವರ್ಷ ತಮ್ಮ ಮನೆಯಲ್ಲೂ ಬರೆಯಬೇಕು ಅಂತ ಆ ಹಿರಿಯರು ಕರೆದಿದ್ದಾರೆ. ಹಲಸಿನ ಹಲಗೆ ಈಗಲೇ ಕೊಯ್ಸಿ ಒಣಗಲು ಇಡಿ ಅಂದಿದ್ದೇನೆ.