ಗೆದ್ದು ಬಂದ ನಾಯಕನ ಒಳಗಿನ ಸೋಲನ್ನು ಬರೆಯೋದು ಹೇಗೆ?

ಫ್ಯಾಂಟಸಿ ಕಾದಂಬರಿಗಳ ಹಸ್ತಪ್ರತಿಗಳು ನನ್ನ ಹತ್ತಿರ ತಿದ್ದೋಕೆ ಬರುತ್ತವೆ. ರಾಕ್ಷಸ ಸತ್ತ, ರಾಜ್ಯ ಉಳಿಯಿತು. ಕೊನೆಯ ಅಧ್ಯಾಯದಲ್ಲಿ ನಾಯಕ ಕಿಟಕಿ ಪಕ್ಕ ನಿಂತು ಸುಮ್ನೆ ನಿಟ್ಟುಸಿರು ಬಿಡುತ್ತಾನೆ. ಯಾಕಪ್ಪಾ ಅಂದರೆ ಬರೆದವರಿಗೇ ಗೊತ್ತಿರಲ್ಲ.

ಮೊದಲು ಆ ‘ಯಾಕೆ’ಗೆ ಉತ್ತರ ಹುಡುಕಿ. ‘ತುಂಬಾ ಜನ ಸತ್ತರು’ ಅಂದರೆ ಸಾಲದು. ಅವನೇ ಕೈಯಾರೆ ಮಾಡಿದ ಒಂದು ಕೆಲಸ ಬೇಕು, ಅದೂ ಗೆಲುವಿನ ಗಳಿಗೆಯಲ್ಲೇ. ‘ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ನಾಯಕ ಫ್ರೋಡೊ, ಹೊತ್ತವರ ಮನಸ್ಸನ್ನೇ ವಶಮಾಡಿಕೊಳ್ಳೋ ದುಷ್ಟ ಉಂಗುರವನ್ನು ನಾಶಮಾಡೋಕೆ ಬೆಂಕಿಬೆಟ್ಟದ ತನಕ ಹೊತ್ತು ತಂದ. ಅಂಚಿಗೆ ಬಂದಾಗ, ಇದು ನಂದು ಅಂತ ಬೆರಳಿಗೆ ಹಾಕಿಕೊಂಡುಬಿಟ್ಟ. ಅದೇ ಉಂಗುರಕ್ಕಾಗಿ ಹಪಹಪಿಸುತ್ತಿದ್ದ ಗೊಲ್ಲಮ್ ಆ ಬೆರಳನ್ನೇ ಕಚ್ಚಿ ಕಿತ್ತು, ಆಯತಪ್ಪಿ ಬೆಂಕಿಗೆ ಬಿದ್ದಿದ್ದಕ್ಕೆ ಉಂಗುರ ನಾಶವಾಯಿತು. ಕೊನೇ ಹೆಜ್ಜೆ ತನ್ನದಲ್ಲ ಅಂತ ಫ್ರೋಡೊಗೆ ಗೊತ್ತು.

ಆಮೇಲೆ ಆ ನೋವನ್ನು ಪದರ ಪದರವಾಗಿ ಬಿಡಿಸಿ. 1963ರ ಒಂದು ಪತ್ರದಲ್ಲಿ ಆ ಕಾದಂಬರಿ ಬರೆದ ಟಾಲ್ಕೀನ್ ಇದನ್ನೇ ಮಾಡಿದ್ದಾರೆ. ಕೊನೇ ಗಳಿಗೆಯಲ್ಲಿ ಉಂಗುರ ಹೇರಿದ ಒತ್ತಡವನ್ನು ಯಾರೂ ತಡೆಯೋಕಾಗುತ್ತಿರಲಿಲ್ಲ, ಹಾಗಾಗಿ ಅದು ನೈತಿಕ ಸೋಲಲ್ಲ ಅನ್ನೋದು ಅವರ ತೀರ್ಪು. ಆದರೂ ಫ್ರೋಡೊ ತನ್ನನ್ನೇ ಹಳಿದುಕೊಳ್ಳುತ್ತಾನೆ. ಅದರಡಿ, ವೀರನಾಗಿ ವಾಪಸ್ ಬರಬೇಕಿತ್ತು ಅನ್ನೋ ಆಸೆ. ಇನ್ನೂ ಅಡಿಯಲ್ಲಿ, ಉಂಗುರ ಹೋಯಿತಲ್ಲಾ ಅನ್ನೋ ಸಂಕಟ! ನನಗೆ ಜಾಸ್ತಿ ಬೇಕಾಗಿರೋದು ಈ ಮೂರನೆಯದು. ನಿಮ್ಮ ನಾಯಕ ಯಾರೆದುರೂ ಬಾಯಿಬಿಡಲಾಗದ್ದು ಏನು? ಅದು ಹೊಳೆಯೋವರೆಗೂ ಕೊನೆಯ ಅಧ್ಯಾಯಕ್ಕೆ ಕೈ ಹಾಕಬೇಡಿ.

‘ಪಾಪಪ್ರಜ್ಞೆ ಕಾಡಿತು’ ಅನ್ನೋ ಸಾಲು ಕಂಡರೆ ಹೊಡೆದುಹಾಕಿ. ಬದಲಿಗೆ ಒಂದು ತಾರೀಖು ಹಿಡಿಯಿರಿ. ಶೆಲೋಬ್ ಅನ್ನೋ ದೈತ್ಯ ಜೇಡ ಫ್ರೋಡೊನನ್ನು ಕುಟುಕಿದ್ದು ಮಾರ್ಚ್ 13ರಂದು. ಮರುವರ್ಷ ಅದೇ ದಿನ ರೈತ ಕಾಟನ್ ಬಂದು ನೋಡಿದರೆ, ಫ್ರೋಡೊ ಹಾಸಿಗೆ ಮೇಲೆ ಬಿದ್ದಿದ್ದಾನೆ. ಕೊರಳ ಸರದಲ್ಲಿದ್ದ ಬಿಳಿ ಹರಳನ್ನು ಬಿಗಿಯಾಗಿ ಹಿಡಿದಿದ್ದಾನೆ. ಅದು ಹೋಯಿತು, ಎಲ್ಲಾ ಕತ್ತಲು, ಎಲ್ಲಾ ಖಾಲಿ ಅನ್ನುತ್ತಾನೆ. ಹಿಂದೆ ಉಂಗುರ ತೂಗುತ್ತಿದ್ದದ್ದೂ ಕೊರಳಲ್ಲೇ, ಅಲ್ವಾ? ಗೆಳೆಯ ಸ್ಯಾಮ್ 25ರಂದು ಊರಿಗೆ ಮರಳುವಷ್ಟರಲ್ಲಿ ಫ್ರೋಡೊ ಚೇತರಿಸಿಕೊಂಡಿದ್ದ. ತನ್ನ ವಿಷಯ ಏನೂ ಹೇಳಲಿಲ್ಲ. ಉಂಗುರ ನಾಶವಾಗಿದ್ದೂ ಮಾರ್ಚ್ 25ರಂದೇ. ಎಲ್ಲೂ ‘ದುಃಖ’ ಅನ್ನೋ ಪದ ಬೇಕಾಗಲಿಲ್ಲ ನೋಡಿ.

ಸಮಾಧಾನ ಹೇಳೋ ಪಾತ್ರಗಳನ್ನು ಕಡಿಮೆ ಮಾಡಿ. ‘ತಪ್ಪು ನಿನ್ನದಲ್ಲ’ ಅಂತ ಮುದುಕ ಮಾಂತ್ರಿಕ ಹೇಳಿದ ಕೂಡಲೇ ನಾಯಕ ಹಗುರಾದರೆ, ಅಷ್ಟು ಹೊತ್ತು ಅತ್ತಿದ್ದೇ ನಾಟಕ ಅನಿಸುತ್ತದೆ.

ಫ್ರೋಡೊ ವಾಸಿಯಾಗೋಕೆ ಹಡಗು ಹತ್ತಿ ಸಮುದ್ರ ದಾಟುತ್ತಾನೆ. ನಿಮ್ಮ ಲೋಕದಲ್ಲಿ ಅಂಥ ಹಡಗಿನ ಸುಳಿವು ಮೊದಲಿಂದ ಇಲ್ಲದಿದ್ದರೆ ಕೊನೆಗೆ ತಂದು ನಿಲ್ಲಿಸಬೇಡಿ. ನಾಯಕ ಊರಲ್ಲೇ ಇರಲಿ. ಪ್ರತಿ ವರ್ಷ ವಿಜಯೋತ್ಸವಕ್ಕೆ ಕರೆ ಬಂದಾಗ ಏನು ನೆಪ ಹೇಳುತ್ತಾನೆ ಅನ್ನೋದನ್ನು ಬರೆಯಿರಿ.